ಸಿನಿಮಾ ನೋಡಾಗಿದೆ, ಇನ್ನು ಪುಸ್ತಕ ಯಾಕೆ?

ರಿಚರ್ಡ್ ಮ್ಯಾಥಿಸನ್ ಅವರ ‘ಐ ಆ್ಯಮ್ ಲೆಜೆಂಡ್’ ಕಾದಂಬರಿಯ ಮಾತು ತೆಗೆದರೆ ಸಾಕು, ಈ ಪ್ರಶ್ನೆ ಬರುತ್ತದೆ. ಕೇಳುವವರು ನೋಡಿರುವುದು 2007ರ ವಿಲ್ ಸ್ಮಿತ್ ಸಿನಿಮಾ. ಪುಸ್ತಕ 1954ರದು, ಒಂದು ರೋಗದಿಂದ ಉಳಿದವರೆಲ್ಲ ರಾತ್ರಿ ಹೊರಬಂದು ರಕ್ತ ಹೀರುವ ವ್ಯಾಂಪೈರ್‌ಗಳಾದ ಮೇಲೆ ಒಬ್ಬಂಟಿಯಾದ ರಾಬರ್ಟ್ ನೆವಿಲ್‌ನ ಕಥೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ, ಅದನ್ನು ಮುಚ್ಚಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಕೊಡಲು ಆಗುವುದಿಲ್ಲ.

‘ನೋಡಾಗಿದೆ’ ಅನ್ನುವ ಮಾತೇ ನನಗೆ ಸಿಟ್ಟು ತರಿಸುತ್ತದೆ. ಏನನ್ನು ನೋಡಾಗಿದೆ? ಸಿನಿಮಾದ ನೆವಿಲ್ ಸೇನೆಯ ವೈರಾಣು ವಿಜ್ಞಾನಿ, ನ್ಯೂಯಾರ್ಕಿನವನು. ಪುಸ್ತಕದ ನೆವಿಲ್ ಲಾಸ್ ಏಂಜಲೀಸಿನ ಸಿಮರಾನ್ ಬೀದಿಯಲ್ಲಿರುವ ಸಾಧಾರಣ ಮನುಷ್ಯ, ಕಾರ್ಖಾನೆ ಕೆಲಸಕ್ಕೆ ಹೋಗಿಬರುತ್ತಿದ್ದವನು. ಸಿನಿಮಾದಲ್ಲಿ ನಾಯಿ ಮೊದಲಿನಿಂದಲೂ ಜೊತೆಗಿದೆ. ಪುಸ್ತಕದಲ್ಲಿ ಎಲ್ಲಿಂದಲೋ ಬಂದ ಬೀದಿನಾಯಿಯನ್ನು ಒಲಿಸಿಕೊಳ್ಳಲು ಅವನು ವಾರಗಟ್ಟಲೆ ಹಾಲು, ಮಾಂಸ ಹೊರಗಿಟ್ಟು ಕಾಯುತ್ತಾನೆ. ಆ ಕಾಯುವಿಕೆಗೆ ಪುಟಗಟ್ಟಲೆ ಜಾಗ ಕೊಟ್ಟ ಮ್ಯಾಥಿಸನ್, ಕೊನೆಗೆ ಅದು ಕೈಗೆ ಸಿಕ್ಕಿದ ಮೇಲೆ ಒಂದು ವಾರದೊಳಗೆ ಸತ್ತಿತೆಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ಅಧ್ಯಾಯ ಮುಗಿಸುತ್ತಾರೆ. ಆ ಒಂದು ಸಾಲನ್ನು ಯಾವ ಕ್ಯಾಮೆರಾವೂ ತೋರಿಸಲಾರದು.

ಮುಂದಿನ ಪ್ರಶ್ನೆಯೂ ಗೊತ್ತಿದ್ದದ್ದೇ: ‘ಓದಿದರೆ ಭಯ ಆಗುತ್ತಾ?’ ಆಗುತ್ತದೆ, ಆದರೆ ದಿಢೀರನೆ ಏನೋ ಎದುರಿಗೆ ಬಂದು ನಿಂತು ಹುಟ್ಟಿಸುವ ಭಯವಲ್ಲ. ದಿನಚರಿಯಿಂದ ಹುಟ್ಟುವ ಭಯ. ಕಿಟಕಿಯ ಹಲಗೆ ಒಡೆದಿದ್ದರೆ ಹೊಸದು ಹೊಡೆಯಬೇಕು, ಬೆಳ್ಳುಳ್ಳಿಯ ಹಾರ ವಾಸನೆ ಕಳೆದುಕೊಳ್ಳುವ ಮೊದಲೇ ಬದಲಿಸಬೇಕು, ಜನರೇಟರ್ ನೋಡಿಕೊಳ್ಳಬೇಕು, ಲೇತ್‌ನಲ್ಲಿ ಮರದ ಗೂಟ ಕಡೆಯಬೇಕು, ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಇದರಲ್ಲಿ ಒಂದು ತಪ್ಪಿದರೂ ಮುಗಿಯಿತು. ಒಂದು ದಿನ ತಪ್ಪುತ್ತದೆ. ಹೆಂಡತಿಯ ಸಮಾಧಿಗೆಂದು ಹೋದ ದಿನ ಕೈಗಡಿಯಾರ ನೋಡುತ್ತಾನೆ, ಮೂರು ಗಂಟೆ. ಕೀ ಕೊಡಲು ಮರೆತಿದ್ದಾನೆ, ಅದು ನಿಂತು ಎಷ್ಟು ಹೊತ್ತಾಯಿತೋ! ಅಲ್ಲಿಂದ ಮನೆಯ ತನಕದ ಪುಟಗಳನ್ನು ಓದಿ ಆಮೇಲೆ ಭಯದ ಮಾತಾಡಿ.

ರಾತ್ರಿಯಾದರೆ, ಈಗ ವ್ಯಾಂಪೈರ್ ಆಗಿರುವ ಹಳೆಯ ನೆರೆಯವ ಬೆನ್ ಕಾರ್ಟ್‌ಮನ್ನೇ ಬೀದಿಯಲ್ಲಿ ನಿಂತು, ಹೊರಗೆ ಬಾ ಎಂದು ಅವನ ಹೆಸರು ಹಿಡಿದು ಕೂಗುತ್ತಾನೆ. ನಮ್ಮ ಕಡೆ ಗುರುತಿನವರ ದನಿಯಲ್ಲಿ ಕರೆಯುವ ದೆವ್ವಕ್ಕೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದು ನೆನಪಿದೆಯಲ್ಲ? ಅದು ಕದ್ದ ದನಿ. ಇಲ್ಲಿ ಬೆನ್ ಕಾರ್ಟ್‌ಮನ್ ಕರೆಯುವುದು ತನ್ನದೇ ದನಿಯಲ್ಲಿ. ಒಂದು ಕಾಲಕ್ಕೆ ಇಬ್ಬರೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು.

ಯಾರಾದರೂ ಕೇಳಬಾರದೇ ಎಂದು ನಾನು ಕಾಯುವ ಪ್ರಶ್ನೆ ಬೇರೆ: ನೆವಿಲ್‌ನ ಸಂಶೋಧನೆ ಎಲ್ಲಿ ದಾರಿ ತಪ್ಪಿತು?

ರೋಗದ ಕಾರಣ ಹುಡುಕಲು ಅವನು ಪೂಜೆಗೂ ಹೋಗುವುದಿಲ್ಲ, ಮಂತ್ರಕ್ಕೂ ಹೋಗುವುದಿಲ್ಲ, ಲೈಬ್ರರಿಗೆ ಹೋಗಿ ರಕ್ತದ ಬಗ್ಗೆ ಓದುತ್ತಾನೆ. ಮೊದಲು ತಂದ ಸೂಕ್ಷ್ಮದರ್ಶಕ ಕೆಲಸಕ್ಕೆ ಬರುವುದಿಲ್ಲ, ಬೇರೆ ತಂದು ಸ್ಲೈಡ್ ಮಾಡುವುದನ್ನು ತಾನೇ ಕಲಿಯುತ್ತಾನೆ. ಬೆಳ್ಳುಳ್ಳಿಯ ಸಾರವನ್ನು ವ್ಯಾಂಪೈರ್‌ಗಳಿಗೆ ಸೂಜಿಯಲ್ಲಿ ಚುಚ್ಚಿ ನೋಡಿದರೆ ಏನೂ ಆಗುವುದಿಲ್ಲ, ವಾಸನೆಗೆ ಮಾತ್ರ ಹಿಮ್ಮೆಟ್ಟುತ್ತಾರೆ. ಶಿಲುಬೆಗೆ ಹೆದರುವುದು ಕ್ರೈಸ್ತರಾಗಿದ್ದವರು ಮಾತ್ರ, ಯಹೂದಿ ಕಾರ್ಟ್‌ಮನ್‌ಗೆ ಅವನ ಧರ್ಮಗ್ರಂಥ ಟೋರಾ ತೋರಿಸಬೇಕು. ಅಂದರೆ ಅದು ಮನಸ್ಸಿನ ರೋಗ. ಕೊನೆಗೆ ಸ್ಲೈಡಿನಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. ಗಾಳಿಯಿಲ್ಲದಾಗ ದೇಹದೊಡನೆ ಹೊಂದಿಕೊಂಡು ಬದುಕುವ ಅದು, ಗಾಳಿ ತಗುಲಿದರೆ ಅದೇ ದೇಹವನ್ನು ತಿಂದುಹಾಕುತ್ತದೆ. ಗುಂಡಿನ ಗಾಯವನ್ನು ದೇಹ ಅಂಟಿನಂತೆ ಮುಚ್ಚಿಬಿಡುತ್ತದೆ, ಗೂಟ ಗಾಯವನ್ನು ತೆರೆದಿಡುತ್ತದೆ. ಗೂಟಕ್ಕೆ ಸಾಯುತ್ತಾರೆ, ಗುಂಡಿಗೆ ಯಾಕಿಲ್ಲ ಎಂಬ ಹಳೆಯ ಒಗಟಿಗೆ ಇಷ್ಟು ಚೆಂದದ ಉತ್ತರವನ್ನು ನಾನು ಬೇರೆಲ್ಲೂ ಓದಿಲ್ಲ.

ಇದರಲ್ಲಿ ತೂತಿದೆ. ಗಾಳಿ ಇದ್ದರೂ ಇಲ್ಲದಿದ್ದರೂ ಬದುಕಬಲ್ಲ ಬ್ಯಾಕ್ಟೀರಿಯಾ ನಿಜಕ್ಕೂ ಇವೆ, ನಮ್ಮ ಕರುಳಿನ ಇ. ಕೋಲಿಯೇ ಅಂಥದ್ದು. ಧನುರ್ವಾಯುವಿನ ರೋಗಾಣು ಗಾಳಿ ಹೋಗದ ಆಳವಾದ ಗಾಯದಲ್ಲೇ ಬೆಳೆಯುವುದು. ಆದರೆ ಬದುಕಿರುವ ಮನುಷ್ಯನ ರಕ್ತದ ತುಂಬ ಆಮ್ಲಜನಕವಿರುತ್ತದೆ, ಅಲ್ಲಿ ‘ಗಾಳಿಯಿಲ್ಲದ ಸ್ಥಿತಿ’ ಎಲ್ಲಿಂದ ಬರಬೇಕು? ನೆವಿಲ್‌ನ ವಿವರಣೆ ಹೆಣಕ್ಕೆ ಒಪ್ಪುತ್ತದೆ, ಜೀವಂತ ರೋಗಿಗೆ ಒಪ್ಪುವುದಿಲ್ಲ.

ಕಥೆಯೂ ಸರಿಯಾಗಿ ಇಲ್ಲೇ ಅವನ ಕಾಲೆಳೆಯುತ್ತದೆ. ಸತ್ತು ಎದ್ದವರು, ಸೋಂಕು ತಗುಲಿಯೂ ಬದುಕಿರುವವರು, ಹೀಗೆ ಎರಡು ಬಗೆ ಎಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಹಗಲಲ್ಲಿ ಮನೆಮನೆ ಹೊಕ್ಕು, ಮಲಗಿದವರ ಎದೆಗೆ ಗೂಟ ಹೊಡೆಯುವಾಗ ಇಬ್ಬರೂ ಅವನಿಗೆ ಒಂದೇ. ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ನೋಡಿದವನು, ಬದುಕಿರುವವರು ಗುಣವಾಗಬಹುದೇ ಎಂಬುದನ್ನು ಗೂಟ ಎತ್ತುವ ಮೊದಲು ಕೇಳಿಕೊಳ್ಳಲಿಲ್ಲ. ಗುಣವಾಗದಿದ್ದರೂ ಅವರು ದಾರಿ ಕಂಡುಕೊಂಡಿದ್ದರು: ರೋಗಾಣು ಹೆಚ್ಚದಂತೆ ತಡೆಯುವ ಮಾತ್ರೆ, ತಮ್ಮದೇ ಹೊಸ ಸಮಾಜ. ರೂತ್ ಎಂಬ ಹೆಂಗಸನ್ನು ಅವನ ಮನೆಗೆ ಬೇಹಿಗೆ ಕಳಿಸುತ್ತಾರೆ. ಅವಳ ಗಂಡನನ್ನು ಕೊಂದವನು ನೆವಿಲ್ಲೇ.

ಸಿನಿಮಾದಲ್ಲಿ ಅವನು ಔಷಧಿ ಕೊಟ್ಟು ಪ್ರಾಣ ತ್ಯಾಗ ಮಾಡಿ ವೀರನಾಗುತ್ತಾನೆ. ಥಿಯೇಟರಿಗೆ ಬಾರದ ಇನ್ನೊಂದು ಕೊನೆಯೂ ಇತ್ತು, ಅದು ಪುಸ್ತಕಕ್ಕೆ ಸ್ವಲ್ಪ ಹತ್ತಿರ. ಪುಸ್ತಕದಲ್ಲಿ ಅವನು ಸೆರೆಸಿಕ್ಕಿ, ಗಾಯಗೊಂಡು, ಕಿಟಕಿಯಿಂದ ಕೆಳಗೆ ನೋಡುತ್ತಾನೆ. ಬೀದಿಯಲ್ಲಿ ನೆರೆದವರು ತಲೆಯೆತ್ತಿ ಅವನನ್ನು ಕಂಡು ಸ್ತಬ್ಧರಾಗುತ್ತಾರೆ. ಅವರ ಕಣ್ಣಲ್ಲಿರುವುದು ಅವನು ಕಾರ್ಟ್‌ಮನ್‌ನನ್ನು ನೋಡುತ್ತಿದ್ದಾಗ ಇದ್ದ ಅದೇ ಭಯ. ತಾವು ನಿದ್ದೆ ಹೋದಾಗ ಮನೆಗೆ ನುಗ್ಗಿ, ರಕ್ತದ ಗುರುತು ಬಿಟ್ಟು ಹೋಗುವವನು ಅವರ ಪಾಲಿಗೆ ಇವನು. ‘ಲೆಜೆಂಡ್’ (ದಂತಕಥೆ) ಎಂಬ ಪದಕ್ಕೆ ಪುಸ್ತಕದಲ್ಲಿರುವ ಅರ್ಥ ಅದು. ಸಿನಿಮಾ ಅದನ್ನು ತಲೆಕೆಳಗು ಮಾಡಿತು.

ಕೊಳ್ಳುವಾಗ ಒಂದು ಎಚ್ಚರಿಕೆ. ಕೆಲವು ಮುದ್ರಣಗಳಲ್ಲಿ ಕಾದಂಬರಿಯ ಹಿಂದೆ ಮ್ಯಾಥಿಸನ್ ಅವರ ಸಣ್ಣ ಕಥೆಗಳನ್ನೂ ಸೇರಿಸಿದ್ದಾರೆ, ಹಾಗಾಗಿ ಕೈಯಲ್ಲಿ ಇನ್ನೂ ದಪ್ಪ ಉಳಿದಿರುವಾಗಲೇ ಕಾದಂಬರಿ ಮುಗಿದುಬಿಡುತ್ತದೆ. ಪರಿವಿಡಿ ನೋಡಿ, ಅದು ಮುಗಿಯುವ ಪುಟಕ್ಕೆ ಮೊದಲೇ ಗುರುತು ಇಟ್ಟುಕೊಳ್ಳಿ. ಆ ಕಿಟಕಿಯ ದೃಶ್ಯ ಓದಿದ ತಕ್ಷಣ ಪುಟ ಮಗುಚಿ ಬೇರೆ ಕಥೆಗೆ ಹೋಗಬೇಡಿ.