ಪ್ಲಗ್‌ಪಾಯಿಂಟಿನ ಮೇಲೊಂದು ಪಾತಿ ದೋಣಿ

ಮುಂಬೈ ಹತ್ರ ಡೊಂಬಿವಲಿಲಿ ನಮ್ದು ಬಾಡಿಗೆ ಮನೆ, 11 ತಿಂಗಳ ಅಗ್ರಿಮೆಂಟು, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಅಮ್ಮ ಮಲ್ಪೆಯಿಂದ ಬಂದಾಗ ರಾತ್ರಿ ಎದ್ದು ಓಡಾಡ್ಲಿಕ್ಕೆ ಪ್ಯಾಸೇಜಲ್ಲಿ ಸಣ್ಣ ಬೆಳಕು ಬೇಕಿತ್ತು. ವಯರ್ ನೇತಾಡಬಾರ್ದು, ಸೀದಾ ಪ್ಲಗ್‌ಪಾಯಿಂಟಿಗೆ ಸಿಕ್ಕಿಸಿದ್ರೆ ಗೋಡೆಗೆ ಅಂಟಿಕೊಂಡು ಕೂರ್ಬೇಕು, ಮತ್ತೆ ಅದರಲ್ಲಿ ಏನಾದ್ರೂ ಒಂದು ಮೆಲ್ಲ ಅಲ್ಲಾಡ್ತಾ ಇರ್ಬೇಕು, ಇದು ನನ್ನ ಆಸೆ.

ಮೊದ್ಲು ತಲೆಗೆ ಬಂದದ್ದು ತಿರುಗುವ ಗೂಡುದೀಪ. ಬಲ್ಬಿನ ಬಿಸಿಗೆ ಗಾಳಿ ಮೇಲೇರ್ತದೆ, ಮೇಲಿರುವ ಕಾಗದದ ಫ್ಯಾನ್ ತಿರುಗ್ತದೆ, ಮೋಟರೇ ಬೇಡ. ಆದ್ರೆ ಅದು ನಡೀತಿದ್ದದ್ದು ಹಳೇ 40 ವ್ಯಾಟಿನ ಬಲ್ಬಿಂದ, ಅದಕ್ಕೆ ಕೊಟ್ಟ ಕರೆಂಟಲ್ಲಿ ಹೆಚ್ಚಿನದ್ದೆಲ್ಲ ಬಿಸಿಯಾಗಿಯೇ ಹೋಗ್ತಿತ್ತು. ಅರ್ಧ ವ್ಯಾಟಿನ ಎಲ್‌ಇಡಿಗೆ ಕಾಗದ ಜಪ್ಪಯ್ಯ ಅಂದ್ರೂ ಕದಲ್ಲಿಲ್ಲ.

ಹಾಗಾಗಿ ಮುಂಬೈಲಿ ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಮೈಕ್ರೋವೇವ್ ಒಳಗೆ ತಟ್ಟೆ ತಿರುಗಿಸ್ತದಲ್ಲ, ಆ ಚಪ್ಪಟೆ ಸಿಂಕ್ರೋನಸ್ ಮೋಟರ್ ತಂದೆ, ಕರೆಂಟಿನ ಹರ್ಟ್ಸ್ ಎಷ್ಟೋ ಅದರ ಲೆಕ್ಕಕ್ಕೇ ಸುತ್ತುವಂಥದ್ದು. 5/6 ಆರ್‌ಪಿಎಂ ಅಂತ ಅದರ ಮೇಲೆ ಇತ್ತು, 60 ಹರ್ಟ್ಸ್ ಇರುವ ದೇಶದಲ್ಲಿ 6, ನಮ್ಮ 50 ಹರ್ಟ್ಸಿಗೆ ನಿಮಿಷಕ್ಕೆ 5 ಸುತ್ತು, ಅಂದ್ರೆ ಒಂದು ಸುತ್ತಿಗೆ 12 ಸೆಕೆಂಡು. 230 ವೋಲ್ಟಿಗೆ ನೇರ ಓಡ್ತದೆ, ಅಡಾಪ್ಟರ್ ಬೇಡ. ಒಂದು ಡಿಸ್ಕಿಗೆ ನಾಲ್ಕು ಮೀನು ಅಂಟಿಸಿದೆ, ಚಂದ ಈಜಿದ್ವು. ಮರುದಿನ ಸ್ವಿಚ್ ಹಾಕಿದ್ರೆ ನಾಲ್ಕೂ ಬಾಲ ಮುಂದೆ ಮಾಡ್ಕೊಂಡು ಹಿಂದಕ್ಕೆ ಹೋಗ್ತಾ ಇವೆ! ಈ ಮೋಟರ್ ಹಾಗೇ, ಸ್ವಿಚ್ ಹಾಕಿದ ಗಳಿಗೆ ನೋಡಿ ಎಡಕ್ಕೂ ಹೊರಡ್ಬಹುದು ಬಲಕ್ಕೂ ಹೊರಡ್ಬಹುದು, ಅದಕ್ಕೇ ಮೈಕ್ರೋವೇವಲ್ಲಿ ತಟ್ಟೆ ಒಮ್ಮೆ ಈಚೆ ಒಮ್ಮೆ ಆಚೆ ತಿರುಗುವುದು. ಅಂದ್ರೆ ಯಾವ ಕಡೆ ತಿರುಗಿದ್ರೂ ಸರಿ ಕಾಣುವಂಥದ್ದೇ ಬೇಕು.

ಆಗ ಹೊಳೆದದ್ದು ಪಾತಿ ದೋಣಿ, ನಮ್ಮ ಕರಾವಳಿಯ ಸಣ್ಣ ಮೀನುಗಾರಿಕೆ ದೋಣಿ. ದೋಣಿಗೆ ನಡುವಲ್ಲಿ ಒಂದು ಸಣ್ಣ ಆಣಿ, ಅದರ ಮೇಲೆ ತಕ್ಕಡಿ ಹಾಗೆ ತೂಗ್ತದೆ. ಮೋಟರಿನ ಆಕ್ಸಲಿಂದ 4 ಮಿಲಿಮೀಟರ್ ಆಚೆ ಒಂದು ಪಿನ್, ಅದಕ್ಕೆ ಸಿಕ್ಕಿಸಿದ ಸೈಕಲ್ ಸ್ಪೋಕಿನ ತುಂಡು ದೋಣಿಯ ಮೂತಿಯನ್ನ 8 ಮಿಲಿಮೀಟರ್ ಎತ್ತಿ ಇಳಿಸ್ತದೆ. ಎಂಟೇ ಮಿಲಿಮೀಟರ್, ಹತ್ರ ನಿಂತ್ರೂ ಕಣ್ಣಿಗೆ ಹಿಡಿಯುದಿಲ್ಲ. ಆದ್ರೆ ಎಲ್‌ಇಡಿಯನ್ನ, ಇದನ್ನೆಲ್ಲ ಕೂರಿಸಿದ ಪೆಟ್ಟಿಗೆಯ ಮುಂದಿನ ಅಂಚಲ್ಲಿ ಕೆಳಗಿಟ್ಟು ದೋಣಿಯನ್ನ ಅದರ ಹತ್ರವೇ ನಿಲ್ಸಿದೆ ನೋಡಿ, ಗೋಡೆ ಮೇಲೆ ನೆರಳು ಐದು ಪಟ್ಟು ಆಯ್ತು, ಅಲ್ಲಾಟ ಕೂಡ ಅಷ್ಟೇ ಪಟ್ಟು, ಒಂದು ಗೇಣು ದೋಣಿ ಅಲೆ ಮೇಲೆ ತೇಲಿದ ಹಾಗೆ! ತೊಗಲುಗೊಂಬೆ ಆಡಿಸುವವರು ದೀಪವನ್ನ ಎಲ್ಲಿಡ್ಬೇಕು ಅಂತ ಯಾಕೆ ಅಷ್ಟು ನೋಡ್ತಾರೆ ಅಂತ ನಂಗೆ ಆಗ ಅರ್ಥ ಆಯ್ತು. ಎಲ್‌ಇಡಿ ಒಂದೇ ಬೇಕು, ಸ್ಟ್ರಿಪ್ ಹಾಕಿದ್ರೆ ನೆರಳು ಕದಡಿ ಹೋಗ್ತದೆ.

ಹೆಚ್ಚು ಸತಾಯಿಸಿದ್ದು ಭಾರ. ಲ್ಯಾಂಪ್ ಪೂರ್ತಿ ನಿಲ್ಲುವುದು ಪ್ಲಗ್ಗಿನ 3 ಪಿನ್ನಿನ ಮೇಲೆ, ಮುಂದಕ್ಕೆ ವಾಲಿದ್ರೆ ಲೂಸ್ ಕಾಂಟ್ಯಾಕ್ಟ್ ಆಗಿ ಸಾಕೆಟ್ ಬಿಸಿಯಾಗಿ ಕರಟ್ತದೆ, ಇದನ್ನ ಸಣ್ಣ ವಿಷಯ ಅಂತ ದಯವಿಟ್ಟು ಬಿಡ್ಬೇಡಿ. ನಾನು ಮೋಟರನ್ನ ಗೋಡೆಗೆ ಹತ್ರ ಇಟ್ಟೆ, ಪೆಟ್ಟಿಗೆಯನ್ನ ಪಿನ್ನಿಂದ 10 ಸೆಂಟಿಮೀಟರ್ ಕೆಳಗೆ ಇಳಿಸಿ ಅಂಚಿಗೆ ಫೆಲ್ಟ್ ಹಚ್ಚಿದೆ, ಈಗ ಅಲ್ಲಿ ಗೋಡೆಗೆ ಒರಗಿ ಕೂರ್ತದೆ. ಬೋರ್ಡಿನ ಸ್ವಿಚ್ಚೂ ಮುಚ್ಚಿ ಹೋಗ್ಬಾರ್ದು, ಅದಕ್ಕೆ ಬಲಗಡೆ ಕಿರಿದು ಮಾಡ್ಬೇಕಾಯ್ತು. ಇನ್ನೊಂದು, ಮೋಟರಿನ ಗುಂಯ್ ಅನ್ನುವ ಸದ್ದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಲಿ ಮದ್ದಳೆ ಹಾಗೆ ದೊಡ್ಡದಾಗ್ತಿತ್ತು, ಸ್ಕ್ರೂ ಅಡಿಗೆ ರಬ್ಬರ್ ಬುಷ್ ಹಾಕಿದ್ಮೇಲೆ ನಿಂತಿತು. ಮಳೆಗಾಲದಲ್ಲಿ ಅದೇ ಎಂಡಿಎಫ್ ಅಂಚಲ್ಲಿ ಉಬ್ಬಿತು, ಈಗ ಪೆಟ್ಟಿಗೆ 3 ಮಿಲಿಮೀಟರ್ ಅಕ್ರಿಲಿಕ್ಕಿಂದು.

ಮೊದಲ ರಾತ್ರಿ ಅಮ್ಮ ಪ್ಯಾಸೇಜಲ್ಲಿ ತುಂಬ ಹೊತ್ತು ನಿಂತಿದ್ರು. ಆಮೇಲೆ ನನ್ನ ಕರೆದು, "ದೋಣಿ ಲಾಯ್ಕುಂಟು ಮಗಾ, ಹುಟ್ಟು ಎಲ್ಲಿ?" ಅಂದ್ರು. ಹೌದಲ್ವಾ! ಹುಟ್ಟು ಸೇರಿಸಿದ್ರೆ ದೋಣಿ ಒಂದು ಬದಿಗೆ ಭಾರ ಆಗ್ತದೆ, ಇನ್ನೊಂದು ಬದಿಗೆ ಸಣ್ಣ ವಾಷರ್ ಅಂಟಿಸ್ಬೇಕು. ಈ ಆದಿತ್ಯವಾರ ಅದೇ ಕೆಲ್ಸ.