ಬಾತ್‌ರೂಮಿನ ನೆಲಕ್ಕೆ ಬಣ್ಣವೋ, ಹೊಸ ಟೈಲೋ

9 ಮಾರ್ಚ್ 2024, ಶನಿವಾರ

ಬೆಳಿಗ್ಗೆ ಒಂದು ನಾಣ್ಯ ಹಿಡಿದು ಬಾತ್‌ರೂಮಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಒಂದೊಂದೇ ಟೈಲನ್ನು ಟಕ್ ಟಕ್ ಅಂತ ಬಡಿದು ನೋಡಿದೆ. ಬಾಗಿಲ ಹತ್ತಿರದವು ಗಟ್ಟಿಯಾಗಿವೆ. ನೀರು ಹೋಗುವ ಜಾಲರಿಯ ಸುತ್ತ ಬಂದಾಗ ಸದ್ದೇ ಬದಲಾಯಿತು. ಟೊಳ್ಳು. ಅಂದರೆ ಟೈಲು ಕೆಳಗೆ ಹಿಡಿತ ಬಿಟ್ಟಿದೆ. ಅಂಥವು ಆರು ಸಿಕ್ಕವು. ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ.

ವಾರದಿಂದ ಬಣ್ಣ ಬಳಿದುಬಿಡೋಣ ಅಂತಲೇ ಇದ್ದೆ. ಬಣ್ಣದ ಮೇಲೆ ನನಗೆ ನಂಬಿಕೆ ಇಲ್ಲ ಅಂತಲ್ಲ. ಮಹಡಿಯ ಟಾಯ್ಲೆಟ್ಟಿನ ನೆಲಕ್ಕೆ ಮೂರು ವರ್ಷದ ಹಿಂದೆ ನಾನೇ ಎಪಾಕ್ಸಿ, ಅಂದರೆ ಎರಡು ಡಬ್ಬಿಯದನ್ನು ಬೆರೆಸಿ ಬಳಿಯುವ ಗಟ್ಟಿ ಬಣ್ಣ, ಬಳಿದಿದ್ದೆ. ಇವತ್ತಿಗೂ ಚೆನ್ನಾಗಿದೆ. ಅದರಲ್ಲಿ ಬಳಿಯುವ ಕೆಲಸ ಬಹಳ ಕಡಿಮೆ, ತಯಾರಿಯೇ ಜಾಸ್ತಿ. ಟೈಲಿನ ಮೇಲ್ಮೈ ಗಾಜಿನ ಹಾಗೆ ನುಣುಪು, ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸೋಪಿನ ಜಿಡ್ಡೆಲ್ಲ ತೆಗೆದು, ಹೊಳಪು ಹೋಗುವ ತನಕ ಮರಳುಕಾಗದದಿಂದ ಉಜ್ಜಬೇಕು. ಅಂಚಿನ ಸಂದು ಮುಚ್ಚಿರುವ ರಬ್ಬರಿನಂಥ ಹಳೆಯ ಸಿಲಿಕೋನ್ ಪೂರ್ತಿ ಕೀಳಬೇಕು, ಅದರ ಮೇಲೆ ಬಣ್ಣ ನಿಲ್ಲುವುದೇ ಇಲ್ಲ. ಎರಡು ಡಬ್ಬಿಯದನ್ನು ಬೆರೆಸಿದ ಮೇಲೆ ತಡಮಾಡುವಂತಿಲ್ಲ, ಡಬ್ಬಿಯಲ್ಲೇ ಗಟ್ಟಿಯಾಗತೊಡಗುತ್ತದೆ. ಆಮೇಲೆ ಕೆಲವು ದಿನ ಅಲ್ಲಿ ನೀರು ಹಾಕುವ ಹಾಗಿಲ್ಲ.

ಆದರೆ ಆ ಟಾಯ್ಲೆಟ್ಟಿನ ನೆಲಕ್ಕೆ ನೀರು ಬೀಳುವುದೇ ಅಪರೂಪ. ಇಲ್ಲಿ ದಿನಾ ಮನೆಮಂದಿಯೆಲ್ಲ ಸ್ನಾನ ಮಾಡುತ್ತೇವೆ. ಟೊಳ್ಳು ಟೈಲಿನ ಕೆಳಗೆ ನೀರು ಸೇರಿಕೊಂಡಿದ್ದರೆ ಆ ತೇವ ಬಣ್ಣವನ್ನು ಕೆಳಗಿನಿಂದಲೇ ಎಬ್ಬಿಸುತ್ತದೆ. ಕಾಲಿಟ್ಟಾಗ ಟೈಲು ಚೂರೇ ಅಲುಗಿದರೂ ಸಂದು ಬಿರಿಯುತ್ತದೆ, ಜೊತೆಗೆ ಬಣ್ಣವೂ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ಮೂಲೆ. ಸ್ನಾನವಾಗಿ ಎರಡು ಗಂಟೆ ಕಳೆದರೂ ಅಲ್ಲಿ ನೀರು ನಿಂತಿರುತ್ತದೆ. ಅಮ್ಮ ಅಲ್ಲಿ ಗೋಡೆ ಹಿಡಿದೇ ಹೆಜ್ಜೆ ಇಡುತ್ತಾಳೆ. ಕಾಲು ಜಾರದಿರಲಿ ಅಂತ ಬಣ್ಣಕ್ಕೆ ಸಣ್ಣ ಮರಳು ಬೆರೆಸಬಹುದು, ನಿಜ. ಇಳಿಜಾರನ್ನು ಬಣ್ಣ ಸರಿಮಾಡುತ್ತದಾ? ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿಜಾರು ಜಾಲರಿಯ ಕಡೆಗೇ ಇರಬೇಕು. ಅದು ಬೇಕಿದ್ದರೆ ನೆಲ ಒಡೆಯಲೇಬೇಕು.

ಆರೇ ಟೈಲು ಬದಲಿಸಿದರೆ ಸಾಲದಾ ಅಂತಲೂ ಯೋಚಿಸಿದೆ. ಇಲ್ಲ. ನೀರು ಕೆಳಗಿಳಿಯದ ಹಾಗೆ ಟೈಲಿನ ಅಡಿಯಲ್ಲಿ ಹಾಕುವ ವಾಟರ್‌ಪ್ರೂಫಿಂಗ್ ತೇಪೆ ಹಾಕುವ ಕೆಲಸವಲ್ಲ. ನೆಲದಿಂದ ಗೋಡೆಯ ಮೇಲಕ್ಕೂ ಸ್ವಲ್ಪ ಹತ್ತಿ, ಎಲ್ಲೂ ಕಡಿಯದೆ ಒಂದೇ ಪದರವಾಗಿರಬೇಕು. ಅದು ಒಣಗಿದ ಮೇಲೆ ಜಾಲರಿ ಮುಚ್ಚಿ, ನೀರು ತುಂಬಿಸಿ, ಒಂದು ದಿನ ಪೂರ್ತಿ ಬಿಟ್ಟು ಕೆಳಗಿನ ಚಾವಣಿ ನೋಡಬೇಕು. ಈ ಪರೀಕ್ಷೆ ಆಗದೆ ಒಂದು ಟೈಲನ್ನೂ ಕೂರಿಸಲು ಬಿಡುವುದಿಲ್ಲ ಅಂತ ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದೇನೆ. ಹೊಸ ಟೈಲು ಚಿಕ್ಕವು, ಹೊಳಪಿಲ್ಲದವು. ಚಿಕ್ಕವಾದರೆ ಇಳಿಜಾರಿಗೆ ಸುಲಭವಾಗಿ ಹೊಂದಿಕೊಳ್ಳುತ್ತವೆ, ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ.

ಸಂಜೆ ಹೋಗಿ ನೋಡಿದೆ. ಚಾಕ್‌ಪೀಸಿನ ಗುರುತುಗಳಲ್ಲಿ ಒಂದೇ ಉಳಿದಿದೆ. ಮೂಲೆಯಲ್ಲಿ ನಿಂತ ನೀರು ಸುಣ್ಣದ ನೀರಿನ ಹಾಗೆ ಬೆಳ್ಳಗಾಗಿದೆ.