ಭತ್ತದ ಮಡಿಯಲ್ಲಿ ನೀರು ಅಳೆಯುವ ಸೆನ್ಸರ್: ಯಾವ ರೇಡಿಯೋ, ಎಂಥ ಬ್ಯಾಟರಿ, ಎಷ್ಟೆತ್ತರ ಆಂಟೆನಾ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಗದ್ದೆಗೆ ವೈರ್‌ಲೆಸ್ ಸೆನ್ಸರ್ ಹಾಕಬೇಕು ಅಂದವರು ಮೊದಲು ಕೇಳುವುದು "ರೇಂಜ್ ಎಷ್ಟು ಬರುತ್ತದೆ?" ಅಂತ. ಮಾಡ್ಯೂಲ್ ಮಾರುವವರು 10 ಕಿಲೋಮೀಟರ್ ಅಂತ ಬರೆದಿರುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದವು ಎರಡಿವೆ: ನಿದ್ದೆಯಲ್ಲಿರುವಾಗ ನೋಡ್ (ಸೆನ್ಸರ್, ರೇಡಿಯೋ, ಬ್ಯಾಟರಿ ಸೇರಿದ ಡಬ್ಬಿ) ಎಷ್ಟು ಕರೆಂಟ್ ತಿನ್ನುತ್ತದೆ, ಪೈರು ಸೊಂಟದೆತ್ತರ ಬಂದ ಮೇಲೆ ಆಂಟೆನಾ ಎಲ್ಲಿರುತ್ತದೆ. ಹೊಲದಲ್ಲಿ ಸತ್ತು ನಿಂತ ನೋಡ್ ಬಿಚ್ಚಿ ನೋಡಿದರೆ ಪ್ರೊಟೊಕಾಲ್‌ನ ತಪ್ಪು ಸಿಗುವುದು ಅಪರೂಪ. ಸಿಗುವುದು ಖಾಲಿ ಬ್ಯಾಟರಿ, ಹಸಿರುಗಟ್ಟಿದ ಕನೆಕ್ಟರ್, ಡಬ್ಬಿಯೊಳಗೆ ಇರುವೆ ಗೂಡು.

ಆದರೂ ರೇಡಿಯೋ ಆರಿಸಲೇಬೇಕಲ್ಲ. ವೈಫೈ, ಬ್ಲೂಟೂತ್, ಜಿಗ್‌ಬೀ ಮೂರೂ ಕೂಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಲೋರಾ, ಅಂದರೆ ಕಡಿಮೆ ಕರೆಂಟಿನಲ್ಲಿ ದೂರ ಮುಟ್ಟುವ ರೇಡಿಯೋ, ನಮ್ಮಲ್ಲಿ ಕೂಡುವುದು 866 ಮೆಗಾಹರ್ಟ್ಸ್ ಹತ್ತಿರ. ಏನೂ ಅಡ್ಡ ಇಲ್ಲದ ಬಯಲಿನಲ್ಲೂ 866 ಮೆಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್‌ಗೆ ಅದೇ ದೂರದಲ್ಲಿ ಸುಮಾರು 9 ಡಿಬಿ (ಡೆಸಿಬೆಲ್), ಅಂದರೆ ಎಂಟು ಪಟ್ಟಿನ ಹತ್ತಿರ, ಹೆಚ್ಚು ನಷ್ಟ. ಹಸಿ ಎಲೆ ಅಡ್ಡ ಬಂದರೆ ಅಂತರ ಇನ್ನೂ ಹೆಚ್ಚುತ್ತದೆ. ಜಿಗ್‌ಬೀಯಲ್ಲಿ ಮೆಶ್ ಇದೆಯಲ್ಲ, ಒಂದರಿಂದ ಒಂದಕ್ಕೆ ದಾಟಿಸಿದರಾಯಿತು ಅನ್ನುತ್ತಾರೆ. ದಾಟಿಸುವ ನೋಡ್ ಸದಾ ಎಚ್ಚರ ಇರಬೇಕು, ಅದಕ್ಕೆ ಮನೆ ಕರೆಂಟ್ ಬೇಕು. ಬದುವಿನ ಮೇಲೆ ಅದನ್ನು ಎಲ್ಲಿಂದ ತರುವುದು? ಹಾಗಾಗಿ ಗದ್ದೆಗೆ ಲೋರಾ, ಗೋದಾಮಿಗೆ ಜಿಗ್‌ಬೀ. ಮೊಬೈಲ್ ಟವರಿನ ಮೂಲಕ ಕಳಿಸುವ ಎನ್‌ಬಿ-ಐಒಟಿ ಸಿಮ್ ಹಾಕುವ ದಾರಿಯೂ ಉಂಟು, ಆದರೆ ಹತ್ತು ಮಡಿಗೆ ಹತ್ತು ಸಿಮ್ ರೀಚಾರ್ಜ್ ಯಾರು ಮಾಡುತ್ತಾರೆ.

ಭಾರತದಲ್ಲಿ ಲೋರಾಕ್ಕೆ ಲೈಸೆನ್ಸ್ ಬೇಡದ ತರಂಗಪಟ್ಟಿ (ಬ್ಯಾಂಡ್) 865ರಿಂದ 868 ಮೆಗಾಹರ್ಟ್ಸ್. ಮೊದಲು 867ರವರೆಗೆ ಇತ್ತು, 2021ರಲ್ಲಿ 868ರವರೆಗೆ ಹಿಗ್ಗಿತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ರಾ-02 ಮಾಡ್ಯೂಲ್ 433 ಮೆಗಾಹರ್ಟ್ಸ್‌ನದು. ಅದರೊಳಗಿನ ಎಸ್‌ಎಕ್ಸ್1278 ಚಿಪ್ಪಿಗೆ 866 ಮುಟ್ಟಲು ಆಗುವುದೇ ಇಲ್ಲ. ಬೇಕಾದದ್ದು ರಾ-01ಎಚ್, ಅಂದರೆ ಎಸ್‌ಎಕ್ಸ್1276 ಇರುವುದು. ಎರಡೂ ನೋಡಲು ಒಂದೇ ಥರ, ಆರ್ಡರ್ ಮಾಡುವಾಗ ಹೆಸರನ್ನು ಎರಡು ಸಲ ಓದಿ. ಮಾಡ್ಯೂಲ್ ಸರಿ ಬಂದರೂ ಲೈಬ್ರರಿಯ ಉದಾಹರಣೆ ಕೋಡಿನಲ್ಲಿ 915 ಅಂತ ಇರುತ್ತದೆ. ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳ 900 ಬ್ಯಾಂಡಿನ ಅಂಚು. ಲೋರಾವ್ಯಾನ್, ಅಂದರೆ ಲೋರಾ ಮೇಲೆ ಕೂರುವ ನೆಟ್‌ವರ್ಕ್ ಪ್ರೊಟೊಕಾಲ್, ಬಳಸಿದರೆ ಅದರಲ್ಲಿ ಭಾರತಕ್ಕಿರುವ ಐಎನ್865 ಆರಿಸಿ. ಅದರ ಮೂರು ಮೂಲ ಚಾನೆಲ್‌ಗಳು 865.0625, 865.4025, 865.985. ನೋಡ್ ಉತ್ತರ ಕೇಳುವ ಎರಡನೇ ಕಿಂಡಿ 866.550ರಲ್ಲಿ, ಎಸ್‌ಎಫ್10 (ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್: ಏರಿದಷ್ಟೂ ದೂರ ಮುಟ್ಟುತ್ತದೆ, ಆದರೆ ನಿಧಾನ). ಇದೊಂದು ತಪ್ಪಿದರೆ ನೋಡ್ ಕಳಿಸಿದ್ದು ಹೋಗುತ್ತದೆ, ಆ ಕಿಂಡಿಯಲ್ಲಿ ಬರುವ ಉತ್ತರ ಮಾತ್ರ ಸಿಗುವುದಿಲ್ಲ. ಕಾರಣ ತಿಳಿಯದೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಒಬ್ಬರ ಹೊಲಕ್ಕೆ, ಹತ್ತು ಹದಿನೈದು ನೋಡ್‌ಗೆ, ಲೋರಾವ್ಯಾನ್ ಬೇಕೇ ಬೇಕು ಅಂತಿಲ್ಲ. ಮನೆ ಮಾಳಿಗೆ ಮೇಲೆ ಇಎಸ್‌ಪಿ32 (ವೈಫೈ ಇರುವ ಮೈಕ್ರೋಕಂಟ್ರೋಲರ್) ಜೊತೆ ಒಂದು ರಾ-01ಎಚ್ ಕೂರಿಸಿ ಒಂದೇ ಚಾನೆಲ್‌ನಲ್ಲಿ ಕೇಳಿದರೆ ಸಾಕು, ಅದೇ ನಮ್ಮ ಗೇಟ್‌ವೇ. ಲೆಕ್ಕ ನೋಡಿ. ನೋಡ್ ನಂಬರಿಗೆ 1 ಬೈಟ್, ಸರಣಿ ಸಂಖ್ಯೆಗೆ 1, ನೀರಿನ ಮಟ್ಟ ಮಿಲಿಮೀಟರಿನಲ್ಲಿ 2, ಬ್ಯಾಟರಿ ಮಿಲಿವೋಲ್ಟಿನಲ್ಲಿ 2. ಒಟ್ಟು 6 ಬೈಟ್. 125 ಕಿಲೋಹರ್ಟ್ಸ್ ಅಗಲದಲ್ಲಿ ಇದು ಎಸ್‌ಎಫ್7ರಲ್ಲಿ 36 ಮಿಲಿಸೆಕೆಂಡ್, ಎಸ್‌ಎಫ್10ರಲ್ಲಿ 248, ಎಸ್‌ಎಫ್12ರಲ್ಲಿ 991 ಮಿಲಿಸೆಕೆಂಡ್ ಗಾಳಿಯಲ್ಲಿರುತ್ತದೆ. ಅದೇ ಮಾಹಿತಿಯನ್ನು ಜೇಸನ್ ಪಠ್ಯವಾಗಿ ಕಳಿಸಿದರೆ 25 ಬೈಟ್ ದಾಟಿ ಎಸ್‌ಎಫ್10ರಲ್ಲೇ 412 ಮಿಲಿಸೆಕೆಂಡ್ ಆಗುತ್ತದೆ. 15 ನೋಡ್ ಅರ್ಧ ಗಂಟೆಗೊಮ್ಮೆ ಕಳಿಸಿದರೆ ದಿನಕ್ಕೆ 720 ಸಂದೇಶ, ಎಲ್ಲ ಸೇರಿ ಮೂರು ನಿಮಿಷವೂ ತುಂಬುವುದಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಸಾವಿರಕ್ಕೆ ನಾಲ್ಕೈದು. ಸರಣಿ ಸಂಖ್ಯೆ ಇರುವುದರಿಂದ ಯಾವುದು ತಪ್ಪಿತು ಅಂತಲೂ ಗೊತ್ತಾಗುತ್ತದೆ. "ಇರಲಿ, ದೂರ ಹೋಗಲಿ" ಅಂತ ಎಲ್ಲಕ್ಕೂ ಎಸ್‌ಎಫ್12 ಹಾಕುವವರಿದ್ದಾರೆ. ಬ್ಯಾಟರಿ ನಾಲ್ಕು ಪಟ್ಟು ಸುಡುತ್ತದೆ, ಎಸ್‌ಎಫ್10ಕ್ಕಿಂತ ಸಿಗುವ ಲಾಭ ನಾಲ್ಕೈದು ಡಿಬಿ. ಆಂಟೆನಾವನ್ನು ಒಂದು ಮೀಟರ್ ಎತ್ತರಿಸಿದರೆ ಎಷ್ಟೋ ಸಲ ಅದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಪುಕ್ಕಟೆ.

ಎತ್ತರದ ಮಾತು. 866 ಮೆಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ದೂರದ ಎರಡು ಆಂಟೆನಾಗಳ ನಡುಮಧ್ಯದಲ್ಲಿ ಸುಮಾರು 9.3 ಮೀಟರ್ ತ್ರಿಜ್ಯದ ಜಾಗ ಬೇಕು, ಅದರ ಶೇ 60ರಷ್ಟಾದರೂ, ಅಂದರೆ 5.6 ಮೀಟರ್, ಖಾಲಿ ಇರಬೇಕು. ಕ್ಯಾಂಪಿನ ಮನೆ ಮಾಳಿಗೆ ಮೇಲೆ ಪೈಪ್ ನಿಲ್ಲಿಸಿ ಗೇಟ್‌ವೇ ಆಂಟೆನಾ 9 ಮೀಟರಿಗೆ ಏರಿಸಿ, ಬದುವಿನ ಮೇಲಿನ ನೋಡ್ ಆಂಟೆನಾ 2.5 ಮೀಟರಿಗೆ ಕಟ್ಟಿದರೆ ಹತ್ತಿರ ಹತ್ತಿರ ಆ ಲೆಕ್ಕಕ್ಕೆ ಕೂಡುತ್ತದೆ. ನಾಟಿ ಹೊತ್ತಿನಲ್ಲಿ ಮೊಣಕಾಲೆತ್ತರಕ್ಕೆ ನೋಡ್ ಇಟ್ಟು ಪರೀಕ್ಷೆ ಮಾಡಿ "ಬರ್ತದೆ" ಅಂದುಕೊಂಡರೆ ಎರಡು ತಿಂಗಳಾದ ಮೇಲೆ ಅದು ಪೈರಿನೊಳಗೆ ಮುಳುಗಿರುತ್ತದೆ. ಎಸ್‌ಎಫ್10 ಓದಲು ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಅನ್ನುವ ಅಂಕಿ) ಮೈನಸ್ 15 ಡಿಬಿವರೆಗೆ ಸಾಕು. ಅದರ ಮೇಲೆ ಕನಿಷ್ಠ 10 ಡಿಬಿ ಉಳಿಕೆ ಇರುವ ಜಾಗದಲ್ಲೇ ಕಂಬ ನೆಡಿ. ಉಪಕಾಲುವೆ ದಂಡೆಯ ಬಳ್ಳಾರಿ ಜಾಲಿ ಪೊದೆ, ಆನೆಗೊಂದಿ ಕಡೆಯಾದರೆ ಬಂಡೆಗುಡ್ಡ, ಇವು ಅಡ್ಡ ಇದ್ದರೆ ಎಸ್‌ಎಫ್ ಏರಿಸುತ್ತ ಕೂರುವುದಕ್ಕಿಂತ ಗೇಟ್‌ವೇ ಜಾಗ ಬದಲಿಸುವುದೇ ಸುಲಭ.

ಆಂಟೆನಾ ಅಂದರೆ ಕಾಲು ತರಂಗ, 8.6 ಸೆಂಟಿಮೀಟರ್ ತಂತಿ. ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ತಂತಿಯನ್ನು ಕೆಳಮುಖವಾಗಿ ಚಾಚಿ ನೆಲಕ್ಕೆ, ಅಂದರೆ ಕೇಬಲ್ಲಿನ ಹೊರಜಾಲರಿಗೆ, ಬೆಸುಗೆ ಹಾಕಿದರೆ ಮಾಡ್ಯೂಲ್ ಜೊತೆ ಬರುವ ಸ್ಪ್ರಿಂಗ್ ಆಂಟೆನಾಕ್ಕಿಂತ ಎಷ್ಟೋ ಮೇಲು. ಅಂಗಡಿಯಿಂದ ತರುವುದಾದರೆ ಕನೆಕ್ಟರ್ ನೋಡಿ: ವೈಫೈ ರೂಟರ್‌ನ ಆಂಟೆನಾ ಆರ್‌ಪಿ-ಎಸ್‌ಎಂಎ, ಲೋರಾ ಬೋರ್ಡಿನದು ಸಾಮಾನ್ಯವಾಗಿ ಎಸ್‌ಎಂಎ. ತಿರುಪು ಸರಿಯಾಗಿ ಕೂತುಬಿಡುತ್ತದೆ, ಒಳಗೆ ಎರಡೂ ಕಡೆ ತೂತು, ನಡುವಿನ ಪಿನ್ನೇ ಇಲ್ಲ. ಐವತ್ತು ಮೀಟರ್ ಆಚೆ ಸಿಗ್ನಲ್ ಸಾಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಗೇಟ್‌ವೇಯನ್ನು ಕೆಳಗಿಟ್ಟು ಮೇಲಿನ ಆಂಟೆನಾಕ್ಕೆ 10 ಮೀಟರ್ ಆರ್‌ಜಿ-58 ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್ಲಿನಲ್ಲೇ ಕರಗುತ್ತದೆ. ಡಬ್ಬಿಯನ್ನೇ ಕಂಬದ ಮೇಲೆ ಕಟ್ಟಿ, ಕೆಳಗಿನಿಂದ ವಿದ್ಯುತ್ ತಂತಿ ಮಾತ್ರ ಒಯ್ಯಿರಿ. ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಿಸಬೇಡಿ, ಚಿಪ್ಪಿನಲ್ಲಿ ಸಿಗ್ನಲ್ ಹೊರಗೆ ಕಳಿಸುವ ಭಾಗ ಸುಡಬಹುದು.

ಇನ್ನು ಸೆನ್ಸರ್. ಭತ್ತಕ್ಕೆ ನೀರು ಕಟ್ಟಿ, ಬಿಟ್ಟು, ಮತ್ತೆ ಕಟ್ಟುವ ಪದ್ಧತಿಗೆ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿದ ತೂತಿನ ಪೈಪ್ ಇದೆಯಲ್ಲ, ಅದೇ ಒಳ್ಳೆಯ ಮನೆ. 30 ಸೆಂಟಿಮೀಟರ್ ಉದ್ದ, 10ರಿಂದ 15 ಸೆಂಟಿಮೀಟರ್ ಅಗಲದ ಪಿವಿಸಿ ಪೈಪ್. ಕೆಳಗಿನ 20 ಸೆಂಟಿಮೀಟರಿಗೆ ಸುತ್ತ 5 ಮಿಲಿಮೀಟರ್ ತೂತು, ಎರಡೆರಡು ಸೆಂಟಿಮೀಟರ್ ಬಿಟ್ಟು. ಅಷ್ಟನ್ನು ಕೆಸರಿನಲ್ಲಿ ಹೂತು ಒಳಗಿನ ಮಣ್ಣು ತೆಗೆಯಬೇಕು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ 5 ಸೆಂಟಿಮೀಟರ್ ನಿಲ್ಲುವಂತೆ ಬಿಡುವುದು, ಹೂ ಬರುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ನೀರು ಆರಗೊಡದಿರುವುದು ನಿಯಮ. ನಮ್ಮ ಎರೆಮಣ್ಣಿನ ಜಿಗುಟಿಗೆ ತೂತು ಬೇಗ ಕಟ್ಟಿಕೊಳ್ಳುತ್ತವೆ, ಹೊರಗೆ ನೈಲಾನ್ ಬಲೆ ಸುತ್ತಿ. ಸವಳು ಇರುವ ಮಡಿಯಲ್ಲಿ ಈ ಒಣಗಿಸುವ ಆಟ ಬೇಡ, ನೀರು ಆರಿದಂತೆ ಉಪ್ಪು ಬೇರಿನ ಹತ್ತಿರ ಸಾಂದ್ರವಾಗುತ್ತದೆ.

ಈ ಪೈಪಿಗೆ ಅಲ್ಟ್ರಾಸಾನಿಕ್ ತೂಗುಹಾಕುವ ಆಸೆ ಎಲ್ಲರಿಗೂ. ನೀರು ತಾಳುವ ಜೆಎಸ್‌ಎನ್-ಎಸ್‌ಆರ್04ಟಿ ತನ್ನ ಮುಂದಿನ 20-25 ಸೆಂಟಿಮೀಟರ್ ನೋಡಲಾರದು, ಸಾಲದ್ದಕ್ಕೆ ಕಿರಿದಾದ ಪೈಪಿನ ಗೋಡೆಗೆ ಬಡಿದ ಪ್ರತಿಧ್ವನಿ. ಬಿಟ್ಟುಬಿಡಿ. ಕೆಪಾಸಿಟಿವ್ ತೇವಾಂಶ ಸೆನ್ಸರ್ ಕೂಡ ಇಲ್ಲಿ ಅಷ್ಟಕ್ಕಷ್ಟೇ: ಎರೆನೆಲ ಬಿರಿದಾಗ ಪಟ್ಟಿಯ ಸುತ್ತ ಗಾಳಿ ಕೂತು ಮಣ್ಣು ಹಸಿ ಇದ್ದರೂ ಒಣ ಅನ್ನುತ್ತದೆ, ಸವಳಿನಲ್ಲಿ ಉಲ್ಟಾ ಹೇಳುತ್ತದೆ. ಅಗ್ಗದ ಬೋರ್ಡ್‌ಗಳಲ್ಲಿ ಟಿಎಲ್‌ಸಿ555 ಚಿಪ್ ಇರಬೇಕಾದ ಜಾಗದಲ್ಲಿ ಎನ್‌ಇ555 ಇರುವುದೂ ಉಂಟು. ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 3.3ರಲ್ಲಿ ಬರುವ ಅಂಕಿ ಬರೀ ಸುಳ್ಳು.

ಗಟ್ಟಿಯಾಗಿ ನಿಲ್ಲುವುದು ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಮುಚ್ಚುವ ಸ್ವಿಚ್) ಮತ್ತು ಮ್ಯಾಗ್ನೆಟ್ ಇರುವ ತೇಲು ಉಂಗುರ. 1 ಕಿಲೋಓಮ್‌ನ 10 ರೆಸಿಸ್ಟರ್ ಸಾಲಾಗಿ ಬೆಸೆದರೆ ನಡುವೆ 9 ಗಂಟು. ಪ್ರತಿ ಗಂಟಿನಿಂದ ಒಂದು ರೀಡ್ ಸ್ವಿಚ್, ಅವುಗಳ ಇನ್ನೊಂದು ತುದಿಯೆಲ್ಲ ಸೇರಿ ಒಂದೇ ತಂತಿಯಾಗಿ ಎಡಿಸಿಗೆ, ಅಂದರೆ ಮೈಕ್ರೋಕಂಟ್ರೋಲರ್‌ನಲ್ಲಿ ವೋಲ್ಟೇಜನ್ನು ಅಂಕಿ ಮಾಡುವ ಪಿನ್ನಿಗೆ. ಆ ತಂತಿಯಿಂದ ಬೋರ್ಡಿನ ಗ್ರೌಂಡಿಗೆ 1 ಮೆಗಾಓಮ್ ರೆಸಿಸ್ಟರ್. ಸ್ವಿಚ್‌ಗಳನ್ನು ಎರಡೂವರೆ ಸೆಂಟಿಮೀಟರಿಗೊಂದರಂತೆ ಇಟ್ಟರೆ ಮೇಲಿನ 5 ಸೆಂಟಿಮೀಟರಿನಿಂದ ಕೆಳಗಿನ 15ರವರೆಗೆ ಸರಿಯಾಗಿ ಒಂಬತ್ತು. ಇಡೀ ಸಾಲನ್ನು 20 ಮಿಲಿಮೀಟರ್ ವೈರಿಂಗ್ ಪೈಪಿನಲ್ಲಿ ತೂರಿಸಿ ಅಡಿಯನ್ನು ಎಪಾಕ್ಸಿಯಿಂದ ಮುಚ್ಚಿ. ತೇಲು ಎರಡು ಸ್ವಿಚ್ ನಡುವೆ ನಿಂತು ಎರಡನ್ನೂ ಮುಚ್ಚಿದರೆ ಒಂದು ರೆಸಿಸ್ಟರ್ ಶಾರ್ಟ್ ಆಗಿ ವೋಲ್ಟೇಜ್ ಎರಡರ ನಡುವಿನ ಬೆಲೆಗೆ ಬರುತ್ತದೆ, ಅಂದರೆ ಅರ್ಧ ಮೆಟ್ಟಿಲೂ ಸಿಕ್ಕಂತಾಯಿತು. ಯಾವುದೂ ಮುಚ್ಚದಿದ್ದರೆ ಸೊನ್ನೆ, ಆಗ ಹಿಂದಿನ ಅಳತೆಯನ್ನೇ ಇಟ್ಟುಕೊಳ್ಳಬೇಕು. ಸಾಲಿಗೆ ವಿದ್ಯುತ್ತನ್ನು ಮೈಕ್ರೋಕಂಟ್ರೋಲರ್‌ನ ಪಿನ್ನಿಂದಲೇ, ಓದುವ ಕ್ಷಣಕ್ಕೆ ಮಾತ್ರ ಕೊಡಿ: 3.3 ವೋಲ್ಟಿಗೆ 0.33 ಮಿಲಿಆಂಪ್. ಎಡಿಸಿಯ ಆಧಾರವೂ ಅದೇ ವೋಲ್ಟೇಜ್ ಆದ್ದರಿಂದ ಬ್ಯಾಟರಿ ಇಳಿದರೂ ಅಳತೆ ಕದಲದು.

ಬ್ಯಾಟರಿಯಲ್ಲೇ ಹೆಚ್ಚಿನವರು ಮುಗ್ಗರಿಸುವುದು. ಡೆವಲಪ್‌ಮೆಂಟ್ ಬೋರ್ಡಿನ ಎಎಂಎಸ್1117 ರೆಗ್ಯುಲೇಟರ್ ಸುಮ್ಮನೆ ಕೂತೇ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ, ದಿನಕ್ಕೆ 120 ಮಿಲಿಆಂಪ್-ಗಂಟೆ. 1500ರ ಸೆಲ್ ಹನ್ನೆರಡು ದಿನಕ್ಕೆ ಖಾಲಿ. ಚಿಪ್ ನಿದ್ದೆ ಮಾಡಿದರೂ ಬಿಟ್ಟರೂ ಒಂದೇ. ಅದರ ಬದಲು 8 ಮೆಗಾಹರ್ಟ್ಸ್, 3.3 ವೋಲ್ಟಿನ ಪ್ರೊ ಮಿನಿ ಮೈಕ್ರೋಕಂಟ್ರೋಲರ್ ಬೋರ್ಡ್ ತಗೊಂಡು, ಅದರ ಎಲ್‌ಇಡಿ ಮತ್ತು ರೆಗ್ಯುಲೇಟರ್ ಎರಡನ್ನೂ ಕಿತ್ತು, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು ನೇರ ಕೊಡಿ. ಆ ಸೆಲ್ ತುಂಬಿದಾಗ 3.6, ಬಹುಪಾಲು 3.2 ವೋಲ್ಟ್, ಎಸ್‌ಎಕ್ಸ್1276 3.7ರವರೆಗೆ ತಾಳುತ್ತದೆ. ನಿದ್ದೆಗೆ 10 ಮೈಕ್ರೋಆಂಪ್ ಅಂದರೆ ದಿನಕ್ಕೆ 0.24 ಮಿಲಿಆಂಪ್-ಗಂಟೆ, ಎಸ್‌ಎಫ್10ರಲ್ಲಿ 17 ಡಿಬಿಎಂ ಶಕ್ತಿಯಲ್ಲಿ ಕಳಿಸುವ 48 ಸಂದೇಶಕ್ಕೆ 87 ಮಿಲಿಆಂಪ್ ಲೆಕ್ಕದಲ್ಲಿ 0.29. ಒಂದು ಬೆಳೆಗಲ್ಲ, ಹಲವು ಬೆಳೆಗೆ ಸಾಕು. ಸೋಲಾರ್ ಪ್ಯಾನೆಲ್ ಬೇಡವೇ ಬೇಡ. ಪ್ಯಾನೆಲ್ ಇದ್ದ ಕಂಬ ಕಣ್ಣಿಗೂ ಬೀಳುತ್ತದೆ, ಕೈಗೂ ಸಿಗುತ್ತದೆ. ಗೇಟ್‌ವೇಗೆ ಪ್ಯಾನೆಲ್ ಬೇಕಾದರೂ ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಬೇಡ: 45 ಡಿಗ್ರಿ ಮೇಲೆ ಅದನ್ನು ಚಾರ್ಜ್ ಮಾಡಬಾರದು, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಡಬ್ಬಿಯೊಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಟಿಪಿ4056 ಚಾರ್ಜರ್ 4.2 ವೋಲ್ಟಿಗೆ ನಿಲ್ಲುವಂಥದ್ದು, ಐರನ್ ಫಾಸ್ಫೇಟ್‌ಗೆ ಹಾಕಿದರೆ ಸೆಲ್ ಹಾಳು. ಟಿಪಿ5000ದಲ್ಲಿ 3.6 ವೋಲ್ಟ್ ಆರಿಸಿಕೊಳ್ಳಬಹುದು.

ಪಂಪ್‌ಸೆಟ್ ಸ್ಟಾರ್ಟರಿಗೆ ನೋಡ್ ಕೂಡಿಸುವವರಿಗೆ ಎರಡು ಮಾತು. ತ್ರೀ ಫೇಸ್ ಬಂದ ಕೂಡಲೇ ಫೀಡರಿನ ಎಲ್ಲ ನೋಡ್ ಒಟ್ಟಿಗೆ ಎದ್ದು ಒಟ್ಟಿಗೆ ಕೂಗುತ್ತವೆ, ಒಂದರದೂ ಕೇಳುವುದಿಲ್ಲ. ಎದ್ದ ಮೇಲೆ ಸೊನ್ನೆಯಿಂದ 120 ಸೆಕೆಂಡಿನೊಳಗೆ ಯಾದೃಚ್ಛಿಕವಾಗಿ ಕಾಯಿಸಿ. ಕಾಂಟ್ಯಾಕ್ಟರ್ ಬಿಡುವಾಗ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಕಾಯಿಲ್ ಅಡ್ಡಕ್ಕೆ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾಕಿ. ಕಾಯಿಲ್ 415 ವೋಲ್ಟಿನದಾಗಿದ್ದರೆ ಕೆಪಾಸಿಟರ್ ಎಕ್ಸ್1 ದರ್ಜೆ, 440 ವೋಲ್ಟ್ ಎಸಿಯದೇ ಇರಬೇಕು. ಕೆಲಸ ಮೇನ್ ಇಳಿಸಿ, ಟೆಸ್ಟರ್ ಇಟ್ಟು ನೋಡಿದ ಮೇಲೆ.

ಗೋದಾಮಿನದು ಚುಟುಕಾಗಿ. ರೈಸ್ ಮಿಲ್ಲಿನ ತಗಡಿನ ಶೆಡ್ಡಿನಲ್ಲಿ ಕರೆಂಟ್ ಇದೆ, ದೂರ ಕಡಿಮೆ, ಜಿಗ್‌ಬೀ ಸರಿ ಹೋಗುತ್ತದೆ. ಆಫೀಸಿನ ವೈಫೈ 1, 6, 11ರಲ್ಲಿ ಯಾವುದರಲ್ಲಿದ್ದರೂ ಜಿಗ್‌ಬೀಯನ್ನು 25 ಅಥವಾ 26ನೇ ಚಾನೆಲ್‌ಗೆ ಕಟ್ಟಿ. ಇಎಸ್‌ಪಿ-ನೌ (ಇಎಸ್‌ಪಿ ಬೋರ್ಡ್‌ಗಳು ತಮ್ಮತಮ್ಮಲ್ಲೇ ನೇರ ಮಾತಾಡುವ ವಿಧಾನ) ಬಳಸುವವರು ರೂಟರ್ ಚಾನೆಲ್ಲನ್ನು ಆಟೋದಲ್ಲಿ ಬಿಡಬೇಡಿ. ರೂಟರ್ ಚಾನೆಲ್ ಬದಲಿಸಿದ ರಾತ್ರಿಯೇ ಎಲ್ಲ ನೋಡ್ ಮೌನ. ಚೀಲದ ಲಾಟಿನೊಳಗೆ ಡಿಎಸ್18ಬಿ20 ಉಷ್ಣತೆ ಸೆನ್ಸರ್ ತೂರಿಸಿ, ರೇಡಿಯೋ ಮಾತ್ರ ಲಾಟಿನ ಹೊರಗಿರಲಿ.

ಡಬ್ಬಿಯ ತೂತೆಲ್ಲ ತಳಕ್ಕೆ, ಗ್ಲ್ಯಾಂಡ್ ಹಾಕಿ. ಗಾಳಿತೂತಿಗೆ ಸಣ್ಣ ಜಾಲರಿ. ಇಲಿ ಕಡಿಯದಂತೆ ಪೈಪಿನಿಂದ ಕಂಬದವರೆಗಿನ ತಂತಿ ಜಿಐ ಪೈಪಿನಲ್ಲಿ. ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿ, ಕೊಯ್ಲಿಗೆ ಚೈನ್ ಮಿಷನ್ ಇಳಿಯುವ ಹಿಂದಿನ ದಿನ ತೂತಿನ ಪೈಪ್ ಕಿತ್ತಿಡಿ. ಬದುವಿನ ಮೇಲಿನ ಕಂಬ ಡ್ರೈವರಿಗೆ ಕಾಣುತ್ತದೆ, ಭತ್ತದೊಳಗಿನ ಪೈಪ್ ಕಾಣುವುದಿಲ್ಲ.